ಯೋಗಿಯ ಸ್ವಾರ್ಥ



ಯೋಗದ ಮೇಲೆ ಒಂದು ಹಳೆಯ ದೂರಿದೆ. ಯೋಗಿ ಸ್ವಾರ್ಥಿ ಎಂಬುದೇ ಆ ದೂರು. ಮನೆಯಲ್ಲಿ ನೂರು ಕೆಲಸ ಬಿದ್ದಿರುತ್ತದೆ. ಇವನು ಬಾಗಿಲು ಮುಚ್ಚಿಕೊಂಡು ಕೂರುತ್ತಾನೆ. ಊರಲ್ಲಿ ಬರ, ಜಗಳ, ಕಾಯಿಲೆ. ಇವನಿಗೆ ತನ್ನ ಉಸಿರಿನದೇ ಲೆಕ್ಕ. ಇಷ್ಟೆಲ್ಲ ಮಾಡಿ ಇವನು ಬಯಸುವುದಾದರೂ ಏನನ್ನು? ತನ್ನೊಬ್ಬನ ಬಿಡುಗಡೆಯನ್ನು. ಹೀಗೆ ಕೇಳುವವರು ಯೋಗದ ಶತ್ರುಗಳೇನಲ್ಲ. ಅವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ನೇರವಾದ ಉತ್ತರ ಕೊಡಬೇಕಾದದ್ದು ಯೋಗವನ್ನು ಮೆಚ್ಚುವವರ ಹೊಣೆ.

ಈ ದೂರನ್ನೇ ಇಂದು ವಿಚಾರಣೆಗೆ ಎತ್ತಿಕೊಳ್ಳೋಣ. ನಾಲ್ಕು ಪ್ರಶ್ನೆಗಳನ್ನು ಒಂದೊಂದಾಗಿ ಕೇಳೋಣ. ಯೋಗದಲ್ಲಿ ಪ್ರಯತ್ನ ಏಕೆ ಒಬ್ಬೊಬ್ಬರದೇ ಆಗಿರಬೇಕು? ಆ ಪ್ರಯತ್ನದಿಂದ ಏನಾಗುತ್ತದೆ, ಏನಾಗುವುದಿಲ್ಲ? ಅದರ ಲಾಭ ಯಾರಿಗೆ ಸಲ್ಲುತ್ತದೆ? ಉಳಿದವರ ಪಾಲಿಗೆ ಅದರಿಂದ ಏನು ಬಂತು? ಮಾತಿನ ಅನುಕೂಲಕ್ಕೆ ಸಾಧಕ, ಅವನು ಎನ್ನುತ್ತೇನೆ. ಸಾಧಕಿಯೂ ಅದರಲ್ಲಿ ಸೇರಿದ್ದಾಳೆ. ಕೊನೆಯಲ್ಲಿ ಒಬ್ಬ ರಾಣಿಯ ಕಥೆಯನ್ನೂ ಹೇಳಲಿದ್ದೇನೆ.

ನಮ್ಮ ಮುಖ್ಯ ಆಧಾರ ಪತಂಜಲಿಯ ಯೋಗಸೂತ್ರ. ಅದು ಪುಟ್ಟ ಗ್ರಂಥ. ಹೆಚ್ಚುಕಡಿಮೆ 195 ಸೂತ್ರಗಳು. ಸಮಾಧಿ, ಸಾಧನ, ವಿಭೂತಿ, ಕೈವಲ್ಯ ಎಂದು ನಾಲ್ಕು ಪಾದಗಳು. ರಚನೆಯಾಗಿ ಒಂದೂವರೆ ಸಾವಿರ ವರ್ಷಗಳಿಗೂ ಹೆಚ್ಚಾಗಿದೆ. ಸೂತ್ರಗಳು ಬಹಳ ಬಿಗಿ. ವ್ಯಾಸರ ಹೆಸರಿನಲ್ಲಿರುವ ಭಾಷ್ಯದ ನೆರವಿಲ್ಲದೆ ಅವು ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಇಂದು ಯೋಗ ಎಂದೊಡನೆ ನಮಗೆ ಆಸನಗಳು ನೆನಪಾಗುತ್ತವೆ. ಆಸನಕ್ಕೆ ಪತಂಜಲಿ ಕೊಟ್ಟಿರುವುದು ಮೂರೇ ಮೂರು ಸೂತ್ರ. ಗ್ರಂಥದ ಬಹುಪಾಲು ಮಾತು ಚಿತ್ತದ ಬಗ್ಗೆ.

ಈಗ ಮೊದಲ ಪ್ರಶ್ನೆ. ಪ್ರಯತ್ನ ಏಕೆ ಒಬ್ಬೊಬ್ಬರದೇ?

ಮನುಷ್ಯನ ಪ್ರಯತ್ನಕ್ಕೆ ಬೆಲೆ ಇದೆಯೇ ಎಂಬುದೇ ನಮ್ಮ ನಾಡಿನಲ್ಲಿ ಒಂದು ಕಾಲಕ್ಕೆ ದೊಡ್ಡ ವಾದವಾಗಿತ್ತು. ಬುದ್ಧ, ಮಹಾವೀರರ ಕಾಲದಲ್ಲೇ ಮಕ್ಖಲಿ ಗೋಶಾಲ ಎಂಬ ಗುರು ಇದ್ದ. ಆಜೀವಕರು ಅವನ ಅನುಯಾಯಿಗಳು. ಎಲ್ಲವೂ ನಿಯತಿಯಂತೆ ನಡೆಯುತ್ತದೆ ಎಂಬುದು ಅವನ ಮತ. ಮನುಷ್ಯ ಹೆಣಗಿದರೂ ಅಷ್ಟೆ, ಸುಮ್ಮನಿದ್ದರೂ ಅಷ್ಟೆ. ಜಾಣನೂ ದಡ್ಡನೂ ಗೊತ್ತಾದಷ್ಟು ಜನ್ಮ ಸುತ್ತಿ, ಗೊತ್ತಾದ ಹೊತ್ತಿಗೆ ದುಃಖದಿಂದ ಪಾರಾಗುತ್ತಾರೆ. ಬೌದ್ಧರೂ ಜೈನರೂ ಇದನ್ನು ಬಲವಾಗಿ ಖಂಡಿಸಿದರು. ಯೋಗದರ್ಶನ ನಿಲ್ಲುವುದೂ ಆ ಖಂಡಿಸಿದವರ ಸಾಲಿನಲ್ಲೇ.

ಚಿತ್ತವನ್ನು ನಿಲ್ಲಿಸಲು ಪತಂಜಲಿ ಎರಡು ಉಪಾಯ ಹೇಳುತ್ತಾನೆ. ಒಂದು ಅಭ್ಯಾಸ, ಇನ್ನೊಂದು ವೈರಾಗ್ಯ. ಚಿತ್ತ ನೆಲೆನಿಲ್ಲಲಿ ಎಂದು ಮಾಡುವ ಯತ್ನವೇ ಅಭ್ಯಾಸ. ಅದಕ್ಕೆ ಅವನು ಮೂರು ಕಟ್ಟುಪಾಡು ಹಾಕುತ್ತಾನೆ. ಅದು ಬಹುಕಾಲ ನಡೆಯಬೇಕು. ನಡುವೆ ಕಡಿಯಬಾರದು. ಆದರದಿಂದ ನಡೆಯಬೇಕು. ಹತ್ತು ದಿನ ಹುರುಪಿನಿಂದ ಮಾಡಿ ಹನ್ನೊಂದನೆಯ ದಿನ ಬಿಟ್ಟರೆ ಅದು ಅಭ್ಯಾಸದ ಲೆಕ್ಕಕ್ಕೆ ಬರುವುದಿಲ್ಲ. ಗೊಣಗುತ್ತಾ ಮಾಡಿದರೂ ಬರುವುದಿಲ್ಲ. ಪ್ರಯತ್ನದಲ್ಲೂ ಮೃದು, ಮಧ್ಯ, ತೀವ್ರ ಎಂಬ ತರತಮ ಇದೆ. ತೀವ್ರವಾಗಿ ಹೊರಟವರಿಗೆ ಗುರಿ ಹತ್ತಿರ.

ಇನ್ನು ಅಡ್ಡಿಗಳು. ಅವು ಒಂಬತ್ತು. ನಿಧಾನವಾಗಿ ಹೇಳುತ್ತೇನೆ, ನಿಮಗೆ ಎಷ್ಟು ಪರಿಚಿತ ನೋಡಿಕೊಳ್ಳಿ. ಕಾಯಿಲೆ. ಮನಸ್ಸಿನ ಜಡತೆ. ಸಂಶಯ. ಅಜಾಗ್ರತೆ. ಸೋಮಾರಿತನ. ಭೋಗದ ಹಂಬಲ. ತಪ್ಪು ತಿಳಿವಳಿಕೆ. ಮುಂದಿನ ಮೆಟ್ಟಿಲು ದಕ್ಕದಿರುವುದು. ದಕ್ಕಿದರೂ ಅಲ್ಲಿ ನಿಲ್ಲಲಾಗದಿರುವುದು. ಇವುಗಳಲ್ಲಿ ಕಾಯಿಲೆ ಹೊರಗಿನಿಂದ ಬಂದೀತು. ಉಳಿದ ಎಂಟೂ ನಮ್ಮೊಳಗೆ ಹುಟ್ಟಿ ನಮ್ಮೊಳಗೇ ಬೆಳೆಯುತ್ತವೆ. ನನ್ನ ಸೋಮಾರಿತನವನ್ನು ನನ್ನ ಪರವಾಗಿ ಇನ್ನೊಬ್ಬರು ಬಿಡಲಾರರು. ನನ್ನ ಸಂಶಯವನ್ನು ಇನ್ನೊಬ್ಬರು ಕಳೆದುಕೊಂಡರೆ ನನಗೆ ಪ್ರಯೋಜನವಿಲ್ಲ.

ಹಾಗಾದರೆ ದೇವರು? ಪತಂಜಲಿ ಈಶ್ವರನನ್ನು ಒಪ್ಪುತ್ತಾನೆ. ಹಿಂದಿನ ಗುರುಗಳಿಗೂ ಗುರು ಎಂದು ಗೌರವಿಸುತ್ತಾನೆ. ಭಾಷ್ಯಕಾರರು ಈಶ್ವರನ ಅನುಗ್ರಹದ ಮಾತನ್ನೂ ಆಡುತ್ತಾರೆ. ಆದರೆ ಆ ಈಶ್ವರನಿಗೆ ಶರಣಾಗುವುದೂ ಸಾಧಕನೇ ಮಾಡಬೇಕಾದ ಸಾಧನೆ. ತಪಸ್ಸು, ಸ್ವಾಧ್ಯಾಯಗಳ ಜೊತೆಗೆ ಅದನ್ನೂ ಪತಂಜಲಿ ಕ್ರಿಯಾಯೋಗದಲ್ಲಿ ಸೇರಿಸಿದ್ದಾನೆ. ಗುರು ದಾರಿ ತೋರಿಸುತ್ತಾನೆ, ದೇವರು ಕೃಪೆ ಮಾಡುತ್ತಾನೆ. ನಡೆಯಬೇಕಾದ ಕಾಲು ಮಾತ್ರ ಸಾಧಕನದೇ.

ಇಲ್ಲಿಗೆ ಮೊದಲ ಪ್ರಶ್ನೆ ಮುಗಿಯಿತು. ಉತ್ತರವನ್ನು ಒಮ್ಮೆ ಹೇಳಿ ಮುಂದೆ ಹೋಗೋಣ. ಪಳಗಬೇಕಾದ ಚಿತ್ತ ನನ್ನದು, ಆದ್ದರಿಂದ ಪಳಗಿಸುವ ಯತ್ನವೂ ನನ್ನದು. ಇದರಲ್ಲಿ ಸ್ವಾರ್ಥದ ಸೋಂಕು ಇನ್ನೂ ಬಂದಿಲ್ಲ.

ಈಗ ಎರಡನೆಯ ಪ್ರಶ್ನೆ. ಪ್ರಯತ್ನದಿಂದ ಏನಾಗುತ್ತದೆ, ಏನಾಗುವುದಿಲ್ಲ?

ಪ್ರಯತ್ನವಾದಿಗೆ ಕಾದಿರುವ ಅಪಾಯವೊಂದಿದೆ. ಎಲ್ಲವನ್ನೂ ನಾನೇ ಮಾಡಿದೆ ಎಂಬ ಜಂಬ. ಪತಂಜಲಿ ಇದನ್ನು ಚೆನ್ನಾಗಿ ಬಲ್ಲ. ಅದಕ್ಕೇ ಕೊನೆಯ ಪಾದದಲ್ಲಿ ನಮ್ಮನ್ನು ಒಬ್ಬ ರೈತನ ಬಳಿಗೆ ಕರೆದೊಯ್ಯುತ್ತಾನೆ. ಜೀವಿಯೊಂದು ಒಂದು ಜಾತಿಯಿಂದ ಇನ್ನೊಂದು ಜಾತಿಗೆ ಮಾರ್ಪಡುವುದು ಹೇಗೆ ಎಂಬ ಚರ್ಚೆಯ ನಡುವೆ ಬರುವ ಹೋಲಿಕೆ ಇದು. ಅದರ ಬೆಳಕು ಇಡೀ ದರ್ಶನದ ಮೇಲೆ ಬೀಳುತ್ತದೆ.

ಭತ್ತದ ಗದ್ದೆಗಳನ್ನು ಕಂಡವರು ನಿಮ್ಮಲ್ಲಿ ಬಹಳ ಮಂದಿ. ಮೇಲೊಂದು ಗದ್ದೆ, ಅದರ ಕೆಳಗೊಂದು ಗದ್ದೆ. ನಡುವೆ ಮಣ್ಣಿನ ಬದು. ಮೇಲಿನ ಗದ್ದೆಯಲ್ಲಿ ನೀರು ತುಂಬಿದೆ. ಕೆಳಗಿನದಕ್ಕೆ ನೀರು ಬೇಕು. ರೈತ ಏನು ಮಾಡುತ್ತಾನೆ? ನೀರನ್ನು ಕೈಯಿಂದ ತಳ್ಳುತ್ತಾನೆಯೇ? ಇಲ್ಲ. ಗುದ್ದಲಿ ಹಿಡಿದು ಬದುವನ್ನು ಒಂದು ಕಡೆ ಕಡಿಯುತ್ತಾನೆ. ನೀರು ತಾನಾಗಿ ಹರಿಯುತ್ತದೆ. ಭಾಷ್ಯಕಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಅದೇ ರೈತ ನೀರನ್ನೂ ಸಾರವನ್ನೂ ಭತ್ತದ ಬೇರಿನೊಳಕ್ಕೆ ತುರುಕಲಾರ. ಅವನು ಕಳೆ ಕೀಳುತ್ತಾನೆ. ಕಳೆ ಹೋದ ಮೇಲೆ ಸಾರ ತಾನಾಗಿ ಬೇರಿಗೆ ಇಳಿಯುತ್ತದೆ.

ರೈತನ ದುಡಿಮೆ ಸುಳ್ಳೇ? ಅಲ್ಲವೇ ಅಲ್ಲ. ಗುದ್ದಲಿ ಎತ್ತದಿದ್ದರೆ ಕೆಳಗಿನ ಗದ್ದೆ ಒಣಗುತ್ತದೆ. ಆದರೂ ನೀರನ್ನು ಹರಿಸಿದವನು ನಾನೇ ಎಂದು ಅವನು ಬೀಗುವಂತಿಲ್ಲ. ಹರಿಯುವುದು ನೀರಿನ ಗುಣ. ಯೋಗದಲ್ಲೂ ಪ್ರಯತ್ನದ ಕೆಲಸ ಅಡ್ಡಿ ತೆಗೆಯುವುದು. ಅರಿವನ್ನು ಅದು ಹೊಸದಾಗಿ ತಯಾರಿಸುವುದಿಲ್ಲ. ಯೋಗದ ಎಂಟು ಅಂಗಗಳನ್ನು, ಅಂದರೆ ಅಷ್ಟಾಂಗಗಳನ್ನು, ಹೇಳುವಾಗಲೂ ಪತಂಜಲಿಯ ಮಾತು ಇದೇ ದಿಕ್ಕಿನದು. ಅಂಗಗಳ ಅನುಷ್ಠಾನದಿಂದ ಕೊಳೆ ಕರಗುತ್ತದೆ, ಕೊಳೆ ಕರಗಿದಷ್ಟೂ ಅರಿವು ಬೆಳಗುತ್ತದೆ.

ಆಸನದ ವಿಷಯದಲ್ಲೂ ಹೀಗೆಯೇ. ಆಸನ ಸ್ಥಿರವಾಗಿರಬೇಕು, ಸುಖವಾಗಿರಬೇಕು. ಅದು ಸಿದ್ಧಿಸುವುದು ಹೇಗೆ? ಪ್ರಯತ್ನವನ್ನು ಸಡಿಲಿಸುವುದರಿಂದ ಮತ್ತು ಚಿತ್ತ ಅನಂತದಲ್ಲಿ ನೆಲೆಸುವುದರಿಂದ ಎನ್ನುತ್ತಾನೆ. ಮೊದಲು ಯತ್ನದಿಂದ ಕೂರಬೇಕು, ಆಮೇಲೆ ಯತ್ನದ ಬಿಗುವನ್ನು ಬಿಡಬೇಕು. ಆಸನ ಹಾಕಿದವರಿಗೆ ಇದು ಮೈಯಲ್ಲೇ ಗೊತ್ತಿರುವ ಸಂಗತಿ. ಹಲ್ಲು ಕಚ್ಚಿ, ಹುಬ್ಬು ಗಂಟಿಕ್ಕಿ ನಿಂತವನು ನಿಂತಿರುತ್ತಾನೆ, ಅಷ್ಟೆ. ಅವನಿಗೆ ಆಸನ ಇನ್ನೂ ಒದಗಿಲ್ಲ.

ಹೀಗೆ ಎರಡನೆಯ ಪ್ರಶ್ನೆಯೂ ಮುಗಿಯಿತು. ಪ್ರಯತ್ನ ಒಬ್ಬೊಬ್ಬರದು, ಅದರ ಕೆಲಸ ಬದು ಕಡಿಯುವುದು, ಕಳೆ ಕೀಳುವುದು. ಈ ಎರಡನ್ನೂ ನೆನಪಿನಲ್ಲಿಟ್ಟುಕೊಂಡು ಮೂರನೆಯದಕ್ಕೆ ಬರೋಣ. ಲಾಭ ಯಾರಿಗೆ?

ಆರಂಭದಲ್ಲಿ ಲಾಭದ ಆಸೆ ಇದ್ದೇ ಇರುತ್ತದೆ. ಪತಂಜಲಿ ಅದನ್ನು ಬಚ್ಚಿಡುವುದಿಲ್ಲ, ಅದಕ್ಕಾಗಿ ಯಾರನ್ನೂ ಬಯ್ಯುವುದಿಲ್ಲ. ಮುಂದೆ ಬರಲಿರುವ ದುಃಖವನ್ನು ತಪ್ಪಿಸಿಕೊಳ್ಳಬೇಕು; ಅವನು ಹೊರಡುವುದೇ ಅಲ್ಲಿಂದ. ಯಾರ ದುಃಖ? ಸಾಧಕನ ದುಃಖ. ನಮ್ಮ ನಾಡಿನದೇ ಒಂದು ನಿದರ್ಶನ ನೋಡಿ. ಬಿ.ಕೆ.ಎಸ್. ಅಯ್ಯಂಗಾರ್ ಹುಟ್ಟಿದ್ದು 1918ರಲ್ಲಿ, ಕೋಲಾರ ಸೀಮೆಯ ಬೆಳ್ಳೂರಿನಲ್ಲಿ. ದೇಶಕ್ಕೆಲ್ಲ ಇನ್‌ಫ್ಲುಯೆಂಜಾ ಹಬ್ಬಿದ್ದ ವರ್ಷ ಅದು. ಮಲೇರಿಯಾ, ಟೈಫಾಯ್ಡ್, ಕ್ಷಯ ಒಂದಾದ ಮೇಲೊಂದು ಬಂದು ಆ ಹುಡುಗ ಬಡಕಲಾಗಿದ್ದ. ಹದಿಹರೆಯದಲ್ಲಿ ಮೈಸೂರಿಗೆ, ಭಾವ ತಿರುಮಲೈ ಕೃಷ್ಣಮಾಚಾರ್ಯರ ಮನೆಗೆ ಬಂದ. ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಅವರ ‘ಯೋಗಮಕರಂದ’ 1934ರಲ್ಲಿ ಕನ್ನಡದಲ್ಲೇ ಅಚ್ಚಾಯಿತು. ಆ ಬಡಕಲು ಹುಡುಗನಿಗೆ ಬೇಕಾಗಿದ್ದದ್ದು ಕೈವಲ್ಯವೆಂಬ ಬಿಡುಗಡೆಯಲ್ಲ, ಆರೋಗ್ಯ. ಆ ಆಸೆಯೇ ಅವನನ್ನು ಅಭ್ಯಾಸಕ್ಕೆ ಹಚ್ಚಿತು. 1937ರಲ್ಲಿ ಪುಣೆಗೆ ಹೋಗಿ ಕಲಿಸಲು ತೊಡಗಿದ ಅವರು ಮುಂದೆ ಜಗತ್ತಿಗೇ ಗುರುವಾದರು. ಸ್ವಂತ ಲಾಭದ ಆಸೆಯಿಂದ ಹೊರಟದ್ದು ಅಲ್ಲಿಗೇ ನಿಲ್ಲಬೇಕೆಂದಿಲ್ಲ.

ನಿಂತರೆ ಮಾತ್ರ ತೊಂದರೆ. ಯೋಗ ಐದು ಕ್ಲೇಶಗಳನ್ನು ಹೇಳುತ್ತದೆ. ಅವಿದ್ಯೆ, ಅಸ್ಮಿತೆ, ರಾಗ, ದ್ವೇಷ, ಅಭಿನಿವೇಶ. ತಿಳಿಗೇಡಿತನ, ನಾನೆಂಬುದು, ಅಂಟು, ಹಗೆ, ಬದುಕಿಗೆ ಜೋತುಬೀಳಿಸುವ ಭಯ. ಎರಡನೆಯದನ್ನು ಗಮನಿಸಿ. ನೋಡುವ ಪುರುಷ ಬೇರೆ, ನೋಡಲು ನೆರವಾಗುವ ಚಿತ್ತ ಬೇರೆ. ಎರಡನ್ನೂ ಒಂದೆಂದು ಬಗೆದಾಗ ಹುಟ್ಟುವುದು ಈ ಅಸ್ಮಿತೆ. ನನಗೆ ಲಾಭ ಬೇಕು ಎಂದು ಕೈಚಾಚುವುದು ಇದೇ. ಆದರೆ ಯೋಗದ ಪ್ರಕಾರ ಚಿತ್ತ ತನಗಾಗಿ ದುಡಿಯುವುದಿಲ್ಲ. ಅದು ಪುರುಷನ ಸಲುವಾಗಿ ದುಡಿಯುತ್ತದೆ. ಪುರುಷನಿಗೋ ಯಾವುದರ ಕೊರತೆಯೂ ಇಲ್ಲ. ಹಾಗಾದರೆ ಲಾಭ ಎಣಿಸುತ್ತಾ ಕುಳಿತವರು ಯಾರು? ಹುಡುಕುತ್ತಾ ಹೋದರೆ ಸಿಗುವುದು ಕೀಳಬೇಕಾದ ಕಳೆಯೇ.

ಈ ಕಳೆ ಸುಲಭಕ್ಕೆ ಸಾಯುವುದಿಲ್ಲ. ಸಾಧನೆಯ ನೀರನ್ನೇ ಕುಡಿದು ಕೊಬ್ಬುತ್ತದೆ. ಅದಕ್ಕೆ ಸಾಕ್ಷಿ ವಿಭೂತಿಪಾದ. ಅಲ್ಲಿ ಸಿದ್ಧಿಗಳ ಸಾಲೇ ಇದೆ. ಹಿಂದಿನದು ಮುಂದಿನದು ತಿಳಿಯುವುದು, ಆನೆಯ ಬಲ ಬರುವುದು, ಆಕಾಶದಲ್ಲಿ ಸಂಚರಿಸುವುದು. ಓದುಗನಿಗೆ ಬಾಯಲ್ಲಿ ನೀರೂರುವ ಹೊತ್ತಿಗೆ ಪತಂಜಲಿ ತಡೆಯುತ್ತಾನೆ. ಲೋಕದ ಕಣ್ಣಿಗೆ ಸಿದ್ಧಿಯಾದ ಇವು ಸಮಾಧಿಗೆ ಅಡ್ಡಿ ಎನ್ನುತ್ತಾನೆ. ಎತ್ತರದ ನೆಲೆಯ ದೇವತೆಗಳು ಬಂದು ಕರೆದರೂ ಅಂಟಿಕೊಳ್ಳಬೇಡ, ಬೀಗಲೂ ಬೇಡ ಎನ್ನುತ್ತಾನೆ. ದೇವತೆಗಳೇ ಕರೆದರಲ್ಲ ಎಂಬ ಹೆಮ್ಮೆಯೂ ನಾನೆಂಬುದರ ಪಾಲಿಗೆ ಬಂದ ಲಾಭವೇ.

ಈ ಮಾತಿಗೆ ಕನ್ನಡದಲ್ಲಿ ಒಂದು ಕಥೆ ಇದೆ. 15ನೆಯ ಶತಮಾನದ ಚಾಮರಸ ‘ಪ್ರಭುಲಿಂಗಲೀಲೆ’ಯಲ್ಲಿ ಅದನ್ನು ಹೇಳಿದ್ದಾನೆ. ಹಠಯೋಗದಿಂದ ವಜ್ರಕಾಯವನ್ನು ಗಳಿಸಿದ ಗೋರಕ್ಷ ಅಲ್ಲಮಪ್ರಭುವಿಗೆ ಎದುರಾಗುತ್ತಾನೆ. ತನ್ನ ಮೈಯನ್ನು ಕಡಿದು ನೋಡು ಎಂದು ಕತ್ತಿ ಕೊಡುತ್ತಾನೆ. ಅಲ್ಲಮ ಹೊಡೆದರೆ ಕತ್ತಿ ಖಣಿಲೆನ್ನುತ್ತದೆ, ಮೈಗೆ ಗೀರೂ ಬೀಳುವುದಿಲ್ಲ. ಗೋರಕ್ಷ ಹಿಗ್ಗುತ್ತಾನೆ. ಈಗ ಅಲ್ಲಮ ತನ್ನನ್ನು ಕಡಿಯಲು ಹೇಳುತ್ತಾನೆ. ಗೋರಕ್ಷ ಬೀಸಿದ ಕತ್ತಿ ಅಲ್ಲಮನ ಮೈಯೊಳಗೆ ಹಾದು ಹೋಗುತ್ತದೆ. ತಡೆಯಿಲ್ಲ, ಸದ್ದಿಲ್ಲ, ಗಾಯವಿಲ್ಲ. ಅಲ್ಲಿರುವುದು ಬರೀ ಬಯಲು. ಗೋರಕ್ಷನ ಶ್ರಮ ಕಡಿಮೆಯದಲ್ಲ. ಅಷ್ಟು ಶ್ರಮದಿಂದ ಅವನು ಗಟ್ಟಿ ಮಾಡಿಕೊಂಡದ್ದು ಮೈಯನ್ನು, ಮೈಯ ಜೊತೆಗೆ ನಾನೆಂಬುದನ್ನು. ಅದು ತಿಳಿದ ಗಳಿಗೆಯಲ್ಲೇ ಅವನು ಅಲ್ಲಮನಿಗೆ ಶಿಷ್ಯನಾಗುತ್ತಾನೆ.

ಮೂರನೆಯ ಪ್ರಶ್ನೆಯ ಉತ್ತರ ಇಷ್ಟು. ಯೋಗಕ್ಕೆ ಬರುವಾಗ ಸ್ವಾರ್ಥ ಜೊತೆಯಲ್ಲೇ ಬರುತ್ತದೆ. ದಾರಿ ಸರಿಯಿದ್ದರೆ ಲಾಭ ಕೇಳುವ ಆ ನಾನೆಂಬುದೇ ಸವೆಯುತ್ತದೆ. ದಾರಿ ತಪ್ಪಿದರೆ ಅದು ಸಾಧನೆಯನ್ನೇ ತಿಂದು ಬೆಳೆಯುತ್ತದೆ.

ಕೇಳುಗರೇ, ಇನ್ನು ಉಳಿದದ್ದು ನಾಲ್ಕನೆಯ ಪ್ರಶ್ನೆ. ಎಲ್ಲಕ್ಕಿಂತ ಕಠಿಣವಾದದ್ದು ಅದೇ. ಉಳಿದವರಿಗೇನು?

ಅಷ್ಟಾಂಗಗಳ ಮೊದಲ ಮೆಟ್ಟಿಲು ಆಸನವಲ್ಲ, ಯಮ. ಅಹಿಂಸೆ, ಸತ್ಯ, ಕದಿಯದಿರುವುದು, ಬ್ರಹ್ಮಚರ್ಯ, ಕೂಡಿಹಾಕದಿರುವುದು. ಈ ಐದನ್ನೂ ಕಾಡಿನಲ್ಲಿ ಒಬ್ಬನೇ ಕೂತು ಪರೀಕ್ಷೆಗೆ ಒಡ್ಡಲಾಗದು. ಸುಳ್ಳು ಹೇಳದಿರಲು ಎದುರಿಗೆ ಇನ್ನೊಬ್ಬರು ಬೇಕು. ಕದಿಯದಿರಲು ಇನ್ನೊಬ್ಬರ ಸೊತ್ತು ಕಣ್ಣಿಗೆ ಬೀಳಬೇಕು. ಜಾತಿ, ದೇಶ, ಕಾಲ, ಸಂದರ್ಭ ಎಂಬ ಯಾವ ನೆಪಕ್ಕೂ ಬಗ್ಗದಿದ್ದಾಗ ಇವು ಮಹಾವ್ರತವಾಗುತ್ತವೆ. ಇನ್ನೂ ಒಂದು ಬಿಗಿ ಇದೆ. ತಾನೇ ಹಿಂಸೆ ಮಾಡಿದರೆ ಮಾತ್ರ ದೋಷವಲ್ಲ. ಇನ್ನೊಬ್ಬರಿಂದ ಮಾಡಿಸಿದರೂ ದೋಷ, ಮಾಡಿದ್ದನ್ನು ಒಪ್ಪಿಕೊಂಡರೂ ದೋಷ. ಕೈ ತೊಳೆದುಕೊಂಡು ಧ್ಯಾನಕ್ಕೆ ಕೂರುವ ಅವಕಾಶವನ್ನು ಪತಂಜಲಿ ಯಾರಿಗೂ ಕೊಟ್ಟಿಲ್ಲ. ಚಿತ್ತ ತಿಳಿಯಾಗಲು ಹೇಳಿದ ಉಪಾಯದಲ್ಲೂ ಉಳಿದವರು ಇದ್ದಾರೆ. ಸುಖಿಗಳಲ್ಲಿ ಸ್ನೇಹ, ದುಃಖಿಗಳಲ್ಲಿ ಕರುಣೆ, ಒಳ್ಳೆಯವರನ್ನು ಕಂಡು ಸಂತೋಷ, ಕೆಟ್ಟವರಲ್ಲಿ ಉಪೇಕ್ಷೆ.

ಹಾಗೆಂದು ದೂರು ಪೂರ್ತಿ ಬಿದ್ದುಹೋಯಿತೆಂದು ನಾನು ಹೇಳಲಾರೆ. ಪತಂಜಲಿಯ ಕೈವಲ್ಯ ಒಬ್ಬನದೇ. ಒಬ್ಬನ ಪಾಲಿಗೆ ದೃಶ್ಯಜಗತ್ತು ಮುಗಿದರೂ ಉಳಿದವರ ಪಾಲಿಗೆ ಅದು ಇದ್ದೇ ಇರುತ್ತದೆ ಎಂದು ಅವನೇ ಸ್ಪಷ್ಟವಾಗಿ ಹೇಳಿದ್ದಾನೆ. ಬಿಡುಗಡೆ ಹೊಂದಿದವನು ಮರಳಿ ಬಂದು ಇತರರನ್ನು ದಾಟಿಸಬೇಕೆಂಬ ವಿಧಿ ಅವನಲ್ಲಿಲ್ಲ. ಈ ಜಾಗದಲ್ಲಿ ಭಗವದ್ಗೀತೆ ಬೇರೆ ಒತ್ತು ಕೊಟ್ಟಿತು. ತಿಳಿದವನೂ ಲೋಕಸಂಗ್ರಹಕ್ಕಾಗಿ, ಅಂದರೆ ಲೋಕದ ಹಿತಕ್ಕಾಗಿ, ಕೆಲಸ ಮಾಡಬೇಕು ಎಂದಿತು. ಯೋಗವಾಸಿಷ್ಠ ಒಂದು ಕಥೆಯನ್ನೇ ಕೊಟ್ಟಿತು. ಯೋಗವಾಸಿಷ್ಠದ ದರ್ಶನ ಅದ್ವೈತದ ಕಡೆಯದು, ಪತಂಜಲಿಯದಲ್ಲ. ಆದರೆ ಪುರುಷಪ್ರಯತ್ನವನ್ನು ಅದರಷ್ಟು ಎತ್ತಿಹಿಡಿದ ಗ್ರಂಥ ಇನ್ನೊಂದು ಸಿಗುವುದು ಕಷ್ಟ. ದೈವ ಎಂದರೆ ನಾವೇ ಹಿಂದೆ ಮಾಡಿದ ಪ್ರಯತ್ನ, ಇಂದಿನ ಪ್ರಯತ್ನದಿಂದ ಅದನ್ನು ಗೆಲ್ಲಬಹುದು ಎಂದು ವಸಿಷ್ಠ ರಾಮನಿಗೆ ಕಲಿಸುತ್ತಾನೆ. ಅದೇ ಗ್ರಂಥದಲ್ಲಿ ಚೂಡಾಲೆಯ ಕಥೆ ಬರುತ್ತದೆ.

ಮಾಳವದ ರಾಜ ಶಿಖಿಧ್ವಜ. ಅವನ ರಾಣಿ ಚೂಡಾಲೆ. ಬಹುಕಾಲ ಸುಖವಾಗಿ ಬಾಳಿದರು. ವಯಸ್ಸು ಇಳಿಯುವಾಗ ಇಬ್ಬರಿಗೂ ಆತ್ಮವಿಚಾರದಲ್ಲಿ ಮನಸ್ಸು ಹೋಯಿತು. ಅರಮನೆಯ ಕೆಲಸಗಳ ನಡುವೆಯೇ ವಿಚಾರ ಮಾಡುತ್ತಾ ಚೂಡಾಲೆ ಅರಿವನ್ನು ಪಡೆದಳು. ಅವಳ ಮುಖದ ಕಳೆ ಕಂಡು ರಾಜ ಕಾರಣ ಕೇಳಿದ. ಅವಳು ಇದ್ದದ್ದನ್ನು ಹೇಳಿದಳು. ಅವನು ನಕ್ಕುಬಿಟ್ಟ. ಹೆಂಡತಿಯ ಬಾಯಿಂದ ಬಂದ ತತ್ತ್ವ ಅವನಿಗೆ ಎಳಸು ಮಾತಾಗಿ ಕೇಳಿಸಿತು.

ಮುಂದೆ ಅವನಿಗೆ ತಳಮಳ ಹೆಚ್ಚಿತು. ದಾನ ಮಾಡಿದ, ತೀರ್ಥಯಾತ್ರೆ ಮಾಡಿದ. ನೆಮ್ಮದಿ ಸಿಗಲಿಲ್ಲ. ಒಂದು ರಾತ್ರಿ ಮಲಗಿದ್ದ ರಾಣಿಯನ್ನು ಬಿಟ್ಟು ಕಾಡಿಗೆ ಹೋದ. ಗುಡಿಸಲು ಕಟ್ಟಿಕೊಂಡು ಘೋರ ತಪಸ್ಸಿಗೆ ತೊಡಗಿದ. ಇತ್ತ ರಾಜ್ಯವಾಳುವ ಹೊರೆ ಚೂಡಾಲೆಯ ಹೆಗಲಿಗೆ ಬಿತ್ತು. ಅವಳು ಆಳಿದಳು. ವರ್ಷಗಳು ಕಳೆದವು. ಗಂಡನಿಗೆ ಹೇಳಬೇಕಾದ ಹೊತ್ತು ಬಂತೆಂದು ತಿಳಿದು ಕಾಡಿಗೆ ಹೊರಟಳು. ಹೆಂಡತಿಯಾಗಿ ಹೋದರೆ ಅವನು ಕೇಳುವುದಿಲ್ಲ. ಆದ್ದರಿಂದ ಕುಂಭ ಎಂಬ ಬ್ರಾಹ್ಮಣ ಯುವಕನ ವೇಷ ಹಾಕಿದಳು.

ರಾಜ ಬಡಕಲಾಗಿದ್ದ. ಎಲ್ಲವನ್ನೂ ಬಿಟ್ಟಿದ್ದೇನೆ, ಆದರೂ ಶಾಂತಿಯಿಲ್ಲ ಎಂದ. ಎಲ್ಲವನ್ನೂ ಬಿಟ್ಟಿಲ್ಲ ಎಂದಳು ಕುಂಭನ ವೇಷದ ಚೂಡಾಲೆ. ರಾಜ ಕಾಡಿನ ಮೇಲಿನ ಮಮತೆಯನ್ನು ಬಿಟ್ಟ. ಸಾಲದು ಎಂದಳು. ಜಪಮಾಲೆ, ಜಿಂಕೆಯ ಚರ್ಮ, ಗುಡಿಸಲು ಎಲ್ಲವನ್ನೂ ಬೆಂಕಿಗೆ ಹಾಕಿದ. ಇನ್ನೂ ಸಾಲದು ಎಂದಳು. ಉಳಿದದ್ದು ಈ ದೇಹ ತಾನೇ ಎಂದು ಅದನ್ನೂ ಕೆಡವಲು ಎದ್ದ. ಆಗ ತಡೆದಳು. ದೇಹ ಏನು ತಪ್ಪು ಮಾಡಿದೆ? ಬಿಡಬೇಕಾದದ್ದು ಚಿತ್ತ, ಅದರ ಬೀಜವಾದ ಅಹಂಕಾರ ಎಂದು ತಿಳಿಸಿದಳು. ರಾಜನಿಗೆ ಅರಿವು ಮೂಡಿತು. ಮುಂದೆ ಅವಳು ನಿಜರೂಪ ತೋರಿಸಿದಳು. ಇಬ್ಬರೂ ಊರಿಗೆ ಮರಳಿ ರಾಜ್ಯವಾಳಿದರು.

ಈ ಕಥೆಯಲ್ಲಿ ನಮ್ಮ ನಾಲ್ಕು ಪ್ರಶ್ನೆಗಳೂ ಒಟ್ಟಿಗೆ ಸೇರಿವೆ. ಚೂಡಾಲೆಯ ಅರಿವು ಅವಳ ಪ್ರಯತ್ನದ್ದು. ಅದನ್ನು ಅವಳು ರಾಜನಿಗೆ ಎತ್ತಿಕೊಡಲು ಆಗಲಿಲ್ಲ. ಅವನ ಪ್ರಯತ್ನವನ್ನು ಅವನೇ ಮಾಡಬೇಕಾಯಿತು. ಆದರೆ ಬದು ಎಲ್ಲಿದೆ ಎಂದು ಅವಳು ತೋರಿಸಬಹುದಾಗಿತ್ತು, ತೋರಿಸಿದಳು. ರಾಜನ ತಪಸ್ಸು ದೊಡ್ಡದು. ಅದರೊಳಗೆ ನನ್ನ ತಪಸ್ಸು, ನನ್ನ ತ್ಯಾಗ ಎಂಬ ಕಳೆ ಹಾಗೇ ಇತ್ತು. ಅವನ ಬಿಡುಗಡೆಯ ಆಸೆಗೆ ರಾಜ್ಯದ ಹೊರೆ ಹೊತ್ತವಳು ರಾಣಿ. ಯೋಗಿ ಸ್ವಾರ್ಥಿ ಎಂಬ ದೂರು ಶಿಖಿಧ್ವಜನಿಗೆ ಸರಿಯಾಗಿ ತಗಲುತ್ತದೆ. ಚೂಡಾಲೆಗೆ ತಗಲುವುದಿಲ್ಲ. ಆಳಿದವಳೂ ಅವಳೇ, ಅರಿತವಳೂ ಅವಳೇ, ಇನ್ನೊಬ್ಬನಿಗಾಗಿ ಕಾಡಿನವರೆಗೆ ನಡೆದವಳೂ ಅವಳೇ.

ಈಗ ತೀರ್ಪಿಗೆ ಬರಬಹುದು. ಯೋಗದ ಪ್ರಯತ್ನ ಒಬ್ಬೊಬ್ಬರದೇ, ಅದು ಬದಲಾಗದು. ಸ್ವಾರ್ಥದಿಂದ ಆರಂಭವಾದರೂ ತಪ್ಪಿಲ್ಲ. ಆದರೆ ಸ್ವಾರ್ಥದಲ್ಲೇ ಕೊನೆಗೊಂಡರೆ ಅದು ಯೋಗವಾಗಿ ಬೆಳೆಯಲಿಲ್ಲ ಎಂದೇ ಅರ್ಥ. ನಮ್ಮ ಸಾಧನೆ ಯಾವ ಕಡೆಗೆ ಬೆಳೆಯುತ್ತಿದೆ ಎಂದು ತಿಳಿಯುವುದು ಹೇಗೆ? ಅದಕ್ಕೂ ಪತಂಜಲಿ ಒಂದು ಗುರುತು ಕೊಟ್ಟಿದ್ದಾನೆ. ಅಹಿಂಸೆಯಲ್ಲಿ ನೆಲೆನಿಂತವನ ಸನ್ನಿಧಿಯಲ್ಲಿ ಇತರರು ವೈರ ಬಿಡುತ್ತಾರೆ ಎನ್ನುತ್ತಾನೆ. ಗಮನಿಸಿ, ಸಾಧನೆ ನಡೆದದ್ದು ಇವನೊಳಗೆ. ಗುರುತು ಕಾಣಿಸಿದ್ದು ಇತರರಲ್ಲಿ. ನೀವು ದಿನವೂ ಆಸನ ಹಾಕುವವರಾದರೆ, ಧ್ಯಾನಕ್ಕೆ ಕೂರುವವರಾದರೆ, ಎಷ್ಟು ಹೊತ್ತು ಕೂತೆ ಎಂಬ ಲೆಕ್ಕದ ಜೊತೆಗೆ ಇನ್ನೊಂದನ್ನೂ ವಿಚಾರಿಸಿ. ನಿಮ್ಮೊಡನೆ ಬಾಳುವವರಿಗೆ, ನಿಮ್ಮ ಕೈಕೆಳಗೆ ದುಡಿಯುವವರಿಗೆ ನಿಮ್ಮ ಭಯ ಕಡಿಮೆಯಾಗಿದೆಯೇ? ಉತ್ತರವನ್ನು ನೀವೇ ಹೇಳಿಕೊಳ್ಳಬೇಡಿ. ಅವರನ್ನು ಕೇಳಿ.